ಎಡಕ್ಕೆಳೆಯುವ ಕಾರು, ಮುಂದಿನ ಸೀಟಿನ ಅತ್ತೆ

ನಮ್ಮ ಕಾರಿನ ಮುಂದಿನ ಸೀಟು ಯಾರದು ಎಂಬ ಪ್ರಶ್ನೆಯೇ ಎಂದೂ ಏಳಲಿಲ್ಲ. ಅದು ಅತ್ತೆಯವರದು. ಓಡಿಸುವವಳು ನಾನು. ಕೊಟ್ಟೂರಿನ ಮನೆಯಿಂದ ಕೂಡ್ಲಿಗಿಯ ಶಾಲೆಗೆ ಪಾಠ ಮಾಡಲು ಹೋಗಿಬರುವುದಕ್ಕೆಂದು ತೆಗೆದುಕೊಂಡ, ಇನ್ನೊಬ್ಬರು ಓಡಿಸಿ ಬಿಟ್ಟಿದ್ದ ಕಾರು ಅದು. ನಮ್ಮನೆಯವರಿಗೆ ಕಾರು ಓಡಿಸಲು ಬರುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂತ ತಕ್ಷಣ ಅವರಿಗೆ ನಿದ್ದೆ.

ಅತ್ತೆಯವರದು ಭಾರಿ ಮೈ. ಅದನ್ನು ತಾವೇ ಹೇಳಿಕೊಂಡು ನಗುವವರು. ಮೊದಲು ಸೀಟಿನ ಮೇಲೆ ಕೂತು, ಆಮೇಲೆ ಒಂದೊಂದೇ ಕಾಲನ್ನು ಒಳಗೆ ತಂದು, ನೆರಿಗೆ ಸರಿಮಾಡಿಕೊಂಡು "ಹೂಂ, ನಡೀ" ಅಂದರೆ ನಾನು ಗಾಡಿ ಬಿಡಬೇಕು. ಸಂಜೆ ಶಾಲೆ ಮುಗಿಸಿ ಬಂದ ಮೇಲೆ ಸಂತೆಗೋ ನೆಂಟರ ಮನೆಗೋ, ಏನೂ ಇಲ್ಲದಿದ್ದರೆ ಸುಮ್ಮನೆ ಊರಾಚೆ ಒಂದು ಸುತ್ತೋ ಹೋಗುತ್ತಿದ್ದೆವು. ಯಾರ ಹೊಲದ ಮೆಕ್ಕೆಜೋಳ ಹೇಗೆ ಬಂದಿದೆ, ಯಾರ ಮನೆಗೆ ಹೊಸ ಸೊಸೆ ಬಂದಳು ಎಂದು ದಾರಿಯುದ್ದಕ್ಕೂ ಅವರ ಮಾತು. ಆ ಕಾರಿಗೆ ರೇಡಿಯೋ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ರಸ್ತೆ ತುಂಬ ಗುಂಡಿ ಬಿದ್ದಿದ್ದವು. ಆಗ ಶುರುವಾಯಿತು ತೊಂದರೆ. ಸ್ಟೀರಿಂಗ್ ಮೇಲಿನ ಹಿಡಿತ ಕೊಂಚ ಸಡಿಲಿಸಿದರೂ ಗಾಡಿ ಮೆಲ್ಲಗೆ ಎಡಕ್ಕೆ ಸರಿಯುತ್ತಿತ್ತು. ಊಟದ ಹೊತ್ತಿನಲ್ಲಿ ನಮ್ಮನೆಯವರಿಗೆ ಹೇಳಿದೆ.

"ಗಾಡಿ ಎಡಕ್ಕ ಎಳೀತೈತ್ರಿ."

ಅವರು ರೊಟ್ಟಿ ಮುರಿಯುತ್ತಾ, "ಎಡಕ್ಕ ಕೂಡೋರು ಯಾರು ನೋಡು. ನಮ್ಮವ್ವ ಕುಂತ್ರ ಎಡಕ್ಕ ಎಳೀದ ಬಲಕ್ಕ ಎಳೀತೈತೇನು?" ಅಂದರು.

ಎಲ್ಲರೂ ನಕ್ಕೆವು. ಅತ್ತೆಯವರೂ ನಕ್ಕರು. ಆದರೆ ಮರುದಿನ ಸಂತೆಗೆ ಹೊರಟಾಗ ಹಿಂದಿನ ಬಾಗಿಲು ತೆಗೆದು ಕೂತರು. "ಇಲ್ಲೇ ಚಲೋ ಐತಿ, ಗಾಳಿ ಬರ್ತೈತಿ." ಹಿಂದಿನ ಗಾಜು ಅರ್ಧಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ ಎಂದು ಅವರಿಗೂ ಗೊತ್ತಿತ್ತು. ಆಮೇಲೆ ಬರುವುದನ್ನೇ ಬಿಟ್ಟರು. ಒಂದು ದಿನ ಮೊಣಕಾಲು ನೋವು, ಇನ್ನೊಂದು ದಿನ ಟಿವಿಯಲ್ಲಿ ಧಾರಾವಾಹಿ. ನನಗೆ ಅರ್ಥವಾದಾಗ ಪಕ್ಕದಲ್ಲಿ ಕೂತು ಹೇಳಿದೆ: "ಅತ್ತಿ, ಕೂಡ್ಲಿಗಿಗೆ ನಾನೊಬ್ಬಾಕೀನ ಹೋಗ್ತೀನಿ. ಆಗೂ ಎಳೀತೈತಿ. ನಿಮ್ಮಿಂದಲ್ಲ ಅದು."

"ನಾನು ಇಷ್ಟು ದಿನ ಕುಂತು ಕುಂತು ಆ ಕಡೀ ಜಗ್ಗಿಬಿಟ್ಟೈತಿ ಬಿಡವ್ವಾ. ಮಲಗಿ ಮಲಗಿ ಹಾಸಿಗಿ ತಗ್ಗು ಬೀಳಂಗಿಲ್ಲೇನು, ಹಂಗ."

ಇದಕ್ಕೆ ಉತ್ತರ ಗಾಡಿಯೇ ಕೊಡಬೇಕಿತ್ತು. ಟೈರಿನ ಗಾಳಿ ನೋಡಿಸಿದೆ, ಸರಿಯಿತ್ತು. ಕೊಟ್ಟೂರಿನ ನಮ್ಮ ಮೆಕ್ಯಾನಿಕ್ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿದರು. "ಟೈರಿನ ದೋಷ ಇದ್ರ ಈಗ ಬಲಕ್ಕ ಎಳೀಬೇಕು ನೋಡ್ರಿ ಮೇಡಂ" ಅಂದರು. ಎಳೆದದ್ದು ಎಡಕ್ಕೇ. ಎಡಗಡೆಯಿಂದ ಬಿಚ್ಚಿದ ಟೈರಿನ ಒಳಅಂಚು ಮಾತ್ರ ಬೋಳಾಗಿ ಸವೆದಿತ್ತು. ಹರಪನಹಳ್ಳಿಗೆ ಹೋಗಿ ಚಕ್ರಗಳನ್ನು ನೇರಕ್ಕೆ ತರುವ ಅಲೈನ್‌ಮೆಂಟ್ ಮಾಡಿಸಿದೆ. ಬರುವಾಗ ಗಾಡಿ ನೂಲು ಹಿಡಿದ ಹಾಗೆ ನೇರ ಬಂತು. ವಾರ ಕಳೆಯುವಷ್ಟರಲ್ಲಿ ಮತ್ತೆ ಎಡಕ್ಕೆ. ಮೆಕ್ಯಾನಿಕ್ ಜಾಕ್ ಏರಿಸಿ ಚಕ್ರವನ್ನು ಮೇಲೆ ಕೆಳಗೆ ಅಲ್ಲಾಡಿಸಿದರು, ಅಕ್ಕಪಕ್ಕ ಅಲ್ಲಾಡಿಸಿದರು. ಎಲ್ಲಿಯೂ ಸಡಿಲ ಇಲ್ಲ. "ಎಲ್ಲಾ ಗಟ್ಟಿ ಐತ್ರಿ. ನನಗೂ ತಿಳೀವಲ್ದು" ಎಂದು ಅವರೂ ಕೈ ಒರೆಸಿಕೊಂಡರು.

ಈ ನಡುವೆ ಹಂಪಸಾಗರದಿಂದ ಅತ್ತೆಯವರ ತಂಗಿಯ ಫೋನ್ ಬಂತು: ಬಾ, ಬಹಳ ದಿನವಾಯಿತು ನೋಡಿ ಎಂದು. ಭಾನುವಾರ ಎಲ್ಲರೂ ಹೋಗೋಣ ಎಂದು ಊಟಕ್ಕೆ ಕೂತಾಗ ಅಂದೆ. ಅತ್ತೆಯವರು ತಟ್ಟೆ ನೋಡುತ್ತಾ ಅಂದರು, "ನಾನು ಬಸ್ಸಿಗೆ ಹೋಗ್ತೀನಿ. ಬಸ್ಸಿಗೆ ನನ್ನ ಭಾರ ತಿಳಿಯಂಗಿಲ್ಲ."

ನಮ್ಮನೆಯವರ ಮುಖ ಸಣ್ಣದಾಯಿತು. "ಯವ್ವಾ, ನಾನು ನಗ್ಯಾಟಕ್ಕ ಅಂದಿದ್ದೆ."

"ನಗ್ಯಾಟಕ್ಕ ಅಂದ್ರೂ ನಿಜಾನ ಅಲ್ಲೇನಪ್ಪಾ? ಬ್ರೇಕ್ ಹಿಡಿದಾಗೆಲ್ಲಾ ನನ್ನ ಕಾಲ ಬುಡಕ ಟುಕ್ ಅಂತಿತ್ತು. ಪಾಪ, ನನ್ನ ಹೊತ್ತು ಗಾಡಿ ನರಳಾಕತ್ತೈತಿ ಅಂದ್ಕೊಂಡು ಸುಮ್ನಿದ್ದೆ."

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆ ಸದ್ದು ನನಗೆ ಒಂದು ದಿನವೂ ಕೇಳಿರಲಿಲ್ಲ. ನಾನು ಕೂರುವುದು ಬಲಗಡೆ, ಒಬ್ಬಳೇ ಹೋಗುವಾಗ ಕಿಟಕಿಯ ಗಾಳಿಯ ಸದ್ದು ಬೇರೆ. ಅಲ್ಲದೆ ಅತ್ತೆಯವರ ಮಾತಿನ ನಡುವೆ ಇನ್ನಾವ ಸದ್ದು ಕೇಳೀತು?

"ಬ್ರೇಕ್ ಹಿಡಿದಾಗ ಅಷ್ಟ ಏನ್ರಿ ಅತ್ತಿ?"

"ಹಿಡಿದಾಗೊಮ್ಮಿ, ಬಿಟ್ಟಾಗೊಮ್ಮಿ."

ಊಟ ಮುಗಿಸಿ ಮೂವರೂ ಮೆಕ್ಯಾನಿಕ್ ಹತ್ತಿರ ಹೋದೆವು. ವಿಷಯ ಕೇಳಿದವರೇ ಅವರು ಅತ್ತೆಯವರನ್ನು ಮುಂದಿನ ಸೀಟಿಗೆ ಕರೆದು, ತಾವು ಸ್ಟೀರಿಂಗ್ ಹಿಡಿದು ರಸ್ತೆಗೆ ಇಳಿದರು. ನಾವಿಬ್ಬರೂ ಹಿಂದೆ ಕೂತಿದ್ದೆವು. ಬ್ರೇಕ್ ಒತ್ತಿದರು.

"ಟುಕ್ ಅಂತು ನೋಡಪ್ಪಾ!" ಎಂದರು ಅತ್ತೆಯವರು, ಪರೀಕ್ಷೆಯಲ್ಲಿ ಉತ್ತರ ಹೊಳೆದ ಹುಡುಗಿಯ ಹಾಗೆ.

ವಾಪಸು ಬಂದು ಗಾಡಿ ಎತ್ತಿ, ಚಕ್ರ ಬಿಚ್ಚಿ, ಈ ಸಲ ಚಕ್ರವನ್ನು ಅಲ್ಲಾಡಿಸಲಿಲ್ಲ. ಚಕ್ರವನ್ನು ಹಿಡಿದಿರುವ ಕೆಳಗಿನ ಕಬ್ಬಿಣದ ತೋಳು ಗಾಡಿಯ ಮೈಗೆ ಸೇರುವ ಕಡೆ ಉದ್ದನೆಯ ಸಲಾಕೆ ಕೊಟ್ಟು ಮೀಟಿದರು. ಅಲ್ಲಿದ್ದ ರಬ್ಬರಿನ ಬುಶ್ ಬಾಯಿ ತೆರೆಯಿತು. ಸುಮ್ಮನಿದ್ದಾಗ ಬಿರುಕು ಮಣ್ಣಿನಡಿ ಮುಚ್ಚಿಕೊಂಡಿರುತ್ತಿತ್ತು. ಮೀಟಿದರೆ ಬೆರಳು ಹೋಗುವಷ್ಟು ಸೀಳು.

"ಬ್ರೇಕ್ ಹಿಡಿದಾಗ ಈ ತೋಳು ಹಿಂದಕ್ಕ ಸರೀತೈತ್ರಿ. ಅದರ ಜೋಡಿ ಚಕ್ರ ಸೊಟ್ಟ ಆಗ್ತೈತಿ, ಬ್ರೇಕ್ ಬಿಟ್ರೂ ಪೂರಾ ನೆಟ್ಟಗ ಆಗಂಗಿಲ್ಲ. ಅದಕ್ಕ ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದ್ರೂ ನಿಲ್ವಲ್ದು. ಬರ್ರಿ ಅಮ್ಮಾರೆ, ನೀವೂ ನೋಡ್ರಿ."

ಅತ್ತೆಯವರು ನನ್ನ ಭುಜ ಹಿಡಿದು ಬಗ್ಗಿ ನೋಡಿದರು. "ಇಷ್ಟು ರಬ್ಬರೇನಪ್ಪಾ? ಹಂಗಾರ ನಾನಲ್ಲ?"

"ನಿಮ್ಮಂಥೋರು ನಾಕು ಮಂದಿ ಕುಂತ್ರೂ ತಡೀತೈತ್ರಿ. ಇದು ಮೊದ್ಲ ಹಳೇದಾಗಿತ್ತು, ಗುಂಡಿಗೆ ಬಿದ್ದು ಬಿದ್ದು ಹರದೈತಿ."

"ಗುಂಡಿಗೆ ಇಳಿಸಿದಾಕಿ ಇಲ್ಲೇ ನಿಂತಾಳ ನೋಡು!" ಎಂದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಗ್ಯಾರೇಜಿನಲ್ಲಿ ಇದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ, ಕಣ್ಣಲ್ಲಿ ನೀರು ಬರುವವರೆಗೆ.

ಎರಡೂ ಕಡೆ ಹೊಸ ತೋಳು ಹಾಕಿಸಿ, ಸವೆದ ಟೈರು ಬದಲಿಸಿ, ಹರಪನಹಳ್ಳಿಯಲ್ಲಿ ಮತ್ತೊಮ್ಮೆ ಅಲೈನ್‌ಮೆಂಟ್ ಮಾಡಿಸಿದೆವು. ಭಾನುವಾರ ಬೆಳಿಗ್ಗೆ ಹಂಪಸಾಗರಕ್ಕೆ ಹೊರಟಾಗ ಯಾರೂ ಹೇಳುವ ಮೊದಲೇ ಅತ್ತೆಯವರು ಮುಂದೆ ಕೂತಿದ್ದರು. ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಖಾಲಿ ರಸ್ತೆ ಸಿಕ್ಕಿತು. ಸ್ಟೀರಿಂಗ್‌ನ ಹಿಡಿತವನ್ನು ಬೆರಳ ತುದಿಗೆ ಇಳಿಸಿದೆ. ಗಾಡಿ ಎತ್ತಲೂ ಸರಿಯಲಿಲ್ಲ. ಅತ್ತೆಯವರು ಮಾತು ನಿಲ್ಲಿಸಿ ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ ಏನೂ ಆಗದವರಂತೆ ಮಾತು ಮುಂದುವರಿಸಿದರು.

ತಂಗಿಯ ಮನೆಯಲ್ಲಿ ಊಟವಾದ ಮೇಲೆ ಅಕ್ಕತಂಗಿಯರನ್ನು ಹೊಳೆಯ ಕಡೆ ಕರೆದುಕೊಂಡು ಹೋದೆ. ಇಬ್ಬರೂ ಸೀರೆ ಎತ್ತಿ ಹಿಡಿದು ನೀರಿಗೆ ಕಾಲು ಬಿಟ್ಟು ಕೂತರು, ಉಪ್ಪುಖಾರ ಹಚ್ಚಿದ ಸೌತೆಕಾಯಿ ತಿನ್ನುತ್ತಾ. "ಬುಶ್ ಅಂತ ಬರ್ತೈತಿ, ರಬ್ಬರಿಂದು..." ಎಂದು ಅತ್ತೆಯವರು ತಂಗಿಗೆ ಕೈ ತಿರುಗಿಸಿ ತಿರುಗಿಸಿ ವಿವರಿಸುತ್ತಿದ್ದರು. ತಂಗಿ ಬಾಯಿ ತೆರೆದು ಕೇಳುತ್ತಿದ್ದರು. ನಾನು ಕಾರಿಗೆ ಒರಗಿ ನಿಂತು, ಹೊತ್ತಾಯಿತೆಂದು ಅವರನ್ನು ಏಳಿಸುವ ಮನಸ್ಸಿಲ್ಲದೆ ಹಾಗೇ ನೋಡುತ್ತಾ ಇದ್ದೆ.