ಹಗೇವಿಗೆ ಇಳಿದವನ ಮಾತು

ಹೊಳವನಹಳ್ಳಿಯ ಆ ಹಳೇ ಮನೆಯ ನಡುಮನೆ ಕೆಳಗೆ, ಹಿಂದೆ ರಾಗಿ ತುಂಬಿಡುತ್ತಿದ್ದ ಹಗೇವು ಇತ್ತು. ಆ ಮನೆಯ ಅಜ್ಜಿಯ ಸೊಸೆ ಅದನ್ನು ಹೊಲಿಗೆ ರೂಮು ಮಾಡಿಸುತ್ತಿದ್ದರು. ಗಾರೆಯವರು ಬಾಯಿ ಅಗಲಿಸಿ ಮೆಟ್ಟಿಲು ಕಟ್ಟಿ ಹೋಗಿದ್ದರು. ವೈರಿಂಗ್ ನನ್ನದು.

ಕೆಳಗಿಳಿದದ್ದೇ ತಡ, ಮೇಲಿಂದ ಅಜ್ಜಿಯ ದನಿ ಬಂತು. "ಏನಪ್ಪಾ, ಇದೀಯಾ?"

"ಇದೀನಜ್ಜಿ."

ಎರಡು ಮೊಳೆ ಹೊಡೆಯುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ. ನನ್ನ ಮೇಲೆ ಕಾವಲು ಕೂತಿದೆಯೇನೋ ಅಂತ ರೇಗಿ, ನಾನು ಉತ್ತರ ಕೊಡಲಿಲ್ಲ. ಅಜ್ಜಿ ಮನೆಯವರನ್ನೆಲ್ಲ ಕೂಗುತ್ತಾ, ಗೋಡೆ ಹಿಡಿದುಕೊಂಡು ತಾನೇ ಇಳಿದು ಬಂತು. ನಾನು ನೆಟ್ಟಗೆ ನಿಂತಿರುವುದು ಕಂಡು ಮೆಟ್ಟಿಲ ಮೇಲೆ ಕುಸಿದು ಕೂತಿತು.

"ಹಗೇವಿನ ಗಾಳಿ ಕೆಟ್ಟದ್ದು ಕಣಪ್ಪ, ಉಸಿರು ಕಟ್ಟಿಬುಡ್ತದೆ. ಚಿಕ್ಕೋಳಿದ್ದಾಗ ಸೊಂಟಕ್ಕೆ ಹಗ್ಗ ಕಟ್ಟಿ ನನ್ನ ಇಳಿಸೋರು. ರಾಗಿ ಚೀಲಕ್ಕೆ ತುಂಬಿ ಮೇಲಕ್ಕೆ ಬರೋಗಂಟ ಮಾತಾಡ್ತಾನೇ ಇರ್ಬೇಕು. ಮಾತು ನಿಂತ್ರೆ ಅಪ್ಪ ಎಳ್ದುಬುಡೋನು. ನನ್ನ ಮಾತ ಅಪ್ಪ ಗ್ಯಾನ ಇಟ್ಟು ಕೇಳ್ತಿದ್ದದ್ದು ಅಂದ್ರೆ ಅವಾಗ್ಲೇಯ."

ಆಮೇಲೆ ಸಂಜೆವರೆಗೂ ನಾನು ಮಾತಾಡಿದೆ. ಮಗಳ ಸ್ಕೂಲು, ಕೈಕೊಟ್ಟ ಬೈಕು, ಎಲ್ಲಾ ಹೇಳಿದೆ. ಅಜ್ಜಿ ಮೇಲೆ ಕೂತು ಹೂಂಗುಟ್ಟಿತು.

ಈಗ ಯಾವ ಬೇಸ್‌ಮೆಂಟಿಗೆ ಇಳಿದರೂ ಒಬ್ಬನೇ ಮಾತಾಡುತ್ತಿರುತ್ತೇನೆ. ಹೂಂಗುಟ್ಟುವವರಿಲ್ಲ. ಮೇಲಿರುವವರು, ಫೋನಿನಲ್ಲಿದ್ದಾನೆ ಅಂದುಕೊಳ್ಳುತ್ತಾರೆ.