ಮೊದಲು ಕೈ ಹಾಕಿದವನು

ನನಗೊಂದು ಕೆಟ್ಟ ಚಾಳಿಯಿದೆ. ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಒಗಟು ಕೊಡುತ್ತೇನೆ. ಊಟಿಯ ಚಳಿಗೆ ಕೈ ಉಜ್ಜುತ್ತ ಕೂತವರನ್ನು, "ದಾಳದಲ್ಲಿ ಮೊದಲು ಆರು ಹಾಕಿದವರು ಗೆದ್ದಂತೆ. ಇಬ್ಬರು ಸರದಿಯಲ್ಲಿ ಎಸೆದರೆ ಯಾರಿಗೆ ಲಾಭ?" ಎಂದು ಕೇಳುವವನ ಮನೆಗೆ ಎರಡನೇ ಸಲ ಯಾರು ಬರುತ್ತಾರೆ ಹೇಳಿ! ಲಾಭ ಮೊದಲು ಎಸೆದವನಿಗೇ. ಹನ್ನೊಂದರಲ್ಲಿ ಆರು ಪಾಲು ಅವನದು.

ಚೀಟಿ ಎತ್ತುವುದು ಮಾತ್ರ ಹಾಗಲ್ಲ. ಎರಡು ಚೀಟಿಯಲ್ಲಿ ಒಂದು ಖಾಲಿ ಎಂದುಕೊಳ್ಳಿ. ಮೊದಲು ಎತ್ತಿದರೂ ಆಮೇಲೆ ಎತ್ತಿದರೂ ಇಬ್ಬರದೂ ಸರಿ ಅರ್ಧ. ಇದನ್ನು ಒಪ್ಪಿಸಲು ನಾನು ಮೂವತ್ತು ವರ್ಷ ಹೆಣಗಿದ್ದು ನನ್ನ ತಮ್ಮ ಶಿವುವಿನ ಹತ್ತಿರ.

ಅಪ್ಪ ಊಟಿ ಹತ್ತಿರದ ಅವಲಾಂಚ್ ಅಣೆಕಟ್ಟಿನಲ್ಲಿ ಕೆಲಸದಲ್ಲಿರುವಾಗಲೇ ಜ್ವರ ಬಂದು ತೀರಿಕೊಂಡರು. ಆ ಕೆಲಸ ಮಕ್ಕಳಲ್ಲಿ ಒಬ್ಬನಿಗೆ ಸಿಗುತ್ತಿತ್ತು. ಒಬ್ಬನ ಹೆಸರು ಹೇಳಿ ಇನ್ನೊಬ್ಬನ ಮುಖ ನೋಡಲಾರದೆ ಅವ್ವ ಎರಡು ಚೀಟಿ ಮಡಚಿ, ಅಪ್ಪನ ಉಣ್ಣೆ ಟೋಪಿಗೆ ಹಾಕಿ ಕುಲುಕಿದಳು. ಟೋಪಿಯಲ್ಲಿ ಇನ್ನೂ ಬೀಡಿಯ ವಾಸನೆಯಿತ್ತು. ನಾನು ಕೈ ಹಾಕಿದೆ. ಕೆಲಸ, ಕ್ವಾರ್ಟರ್ಸ್, ಈಗಿನ ಪೆನ್ಷನ್ ಎಲ್ಲವೂ ನನಗಾಯಿತು. ಶಿವು ಫ್ಯಾಕ್ಟರಿಗೆ ಟೀ ಎಲೆ ಸಾಗಿಸುವ ಲಾರಿ ಓಡಿಸಿದ.

"ನೀ ಮೊದ್ಲು ಎತ್ತಿದೆ, ಅದ್ಕೇ ನಿಂಗೆ ಬಂತು" ಎಂದು ಪ್ರತಿ ಹಬ್ಬಕ್ಕೂ ಅನ್ನುತ್ತಿದ್ದ. ನಾನು ಅವರೆಕಾಳು ಹರಡಿ ಲೆಕ್ಕ ತೋರಿಸುತ್ತಿದ್ದೆ. ಅವನು ಕಾಳು ಬೇಯಿಸಿದ ಮೇಲೆ ತಿಂದನೇ ಹೊರತು ಒಪ್ಪಲಿಲ್ಲ.

ಹೋದ ಚಳಿಗಾಲದಲ್ಲಿ ಅವನ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಗೆ ಹೋದ ನಾನು ಮಾಡಿದ್ದೇನು? ಕಾಗದ, ಪೆನ್ಸಿಲ್ ತೆಗೆದೆ. ಥೂ, ನನ್ನ ಬುದ್ಧಿಗಿಷ್ಟು! ಅವನು ಪೂರ್ತಿ ನೋಡಿ ಮೊದಲ ಸಲ ತಲೆಯಾಡಿಸಿದ.

"ಸರಿ ಅಣ್ಣ, ಒಪ್ಕೊಂಡೆ. ಮೊದ್ಲಾದ್ರೂ ಒಂದೇ, ಆಮೇಲಾದ್ರೂ ಒಂದೇ. ಹಂಗಾದ್ರೆ ನನ್ನ ತಳ್ಳಿ ಯಾಕೆ ಕೈ ಹಾಕ್ದೆ?"

ಪೆನ್ಸಿಲ್ ಕೆಳಗಿಟ್ಟೆ. ಅಷ್ಟು ವರ್ಷದ ಒಗಟುಗಳಲ್ಲಿ ಇದೊಂದನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ.

"ಹೆದರಿಕೆ ಕಣೋ. ನಿಂಗೆ ಬಂದ್ಬಿಟ್ರೆ ಅಂತ" ಎಂದೆ. ಹೇಳುತ್ತ ಅತ್ತುಬಿಟ್ಟೆ.

"ಅಳ್ಬೇಡ ಬಿಡು. ನಾನೂ ತಳ್ಳಿದ್ದೆ. ನಿನ್ನ ಕೈ ಉದ್ದ ಇತ್ತು" ಎಂದು ನಕ್ಕ. ನಗು ಕೆಮ್ಮಾಯಿತು.

ಮೂರನೇ ದಿನ ಹೋಗಿಬಿಟ್ಟ. ನನ್ನ ಲೆಕ್ಕ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಒಂದು ಮಾತನ್ನು ಮೂವತ್ತು ವರ್ಷ ಮುಂಚೆ ಆಡಿದ್ದರೆ, ಹಬ್ಬದ ದಿನವಾದರೂ ಅಣ್ಣತಮ್ಮ ನೆಮ್ಮದಿಯಾಗಿ ಕೂತು ಉಣ್ಣಬಹುದಿತ್ತು.