ರಕ್ತಸಾಕ್ಷಿ

ಕೀಲ್ಪಾಕ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸಂಡೇ ಸ್ಕೂಲ್ ಮೇಷ್ಟ್ರು ಕೋಲಾರದ ಕಡೆಯವರು. ಧರ್ಮಕ್ಕಾಗಿ ಸತ್ತ ಕ್ರೈಸ್ತರನ್ನು ನಾನು ‘ಹುತಾತ್ಮರು’ ಎಂದಾಗಲೆಲ್ಲ ಕನ್ನಡಕ ಹಣೆಗೇರಿಸಿ ತಿದ್ದುತ್ತಿದ್ದರು.

“ರಕ್ತಸಾಕ್ಷಿ ಅನ್ನು, ತಂಬಿ. ಮಾರ್ಟರ್ ಅಂದ್ರೆ ಮೊದಲು ಗ್ರೀಕ್‌ನಲ್ಲಿ ಬರೀ ಸಾಕ್ಷಿ. ನಂಬಿದ್ದನ್ನ ಇಲ್ಲ ಅನ್ನಲಿಲ್ಲ ಅಂತ ಅವರನ್ನ ಕೊಂದ್ರು. ಆಮೇಲೆ ಆ ಮಾತಿಗೆ ರಕ್ತ ಅಂಟ್ಕೊಂತು.”

ಒಂದು ಭಾನುವಾರ ಅವರನ್ನು ಮಾಧವರಂನ ಮನೆಯೊಂದರ ಪ್ರಾರ್ಥನೆಗೆ ಸ್ಕೂಟರಿನಲ್ಲಿ ಕರೆದೊಯ್ದಿದ್ದೆ. ಹಾಡು ಮುಗಿಯುವ ಮೊದಲೇ ದೊಣ್ಣೆ ಹಿಡಿದವರು ನುಗ್ಗಿ, ಇದನ್ನು ನಡೆಸುವವನು ಯಾರೆಂದು ಅರಚಿದರು. ಮೇಷ್ಟ್ರು ಸುಮ್ಮನಿರಬಹುದಿತ್ತು. ಕನ್ನಡಕ ತೆಗೆದು ನನ್ನ ಕೈಗಿಟ್ಟು, “ನಾನ್‌ದಾನ್‌ಪ್ಪಾ,” ನಾನೇ, ಎಂದು ಮುಂದೆ ಬಂದರು. ಮೊದಲ ಏಟಿನ ಸದ್ದು ಇವತ್ತಿಗೂ ನನ್ನ ನಿದ್ದೆ ಕೆಡಿಸುತ್ತದೆ.

ಆಸ್ಪತ್ರೆಯಲ್ಲಿ ಅವರ ತಲೆಗೆ ಕಟ್ಟು ಹಾಕಿದ್ದರು.

“ರಕ್ತಸಾಕ್ಷಿ ಆಗ್ಬಿಡ್ತಿದ್ರಲ್ಲ, ಮೇಷ್ಟ್ರೇ!”

ನಗಲು ಹೋಗಿ ನೋವಿಗೆ ನಿಲ್ಲಿಸಿದರು. “ರಕ್ತ ನಂದು, ತಂಬಿ. ಸಾಕ್ಷಿ ನೀನು. ಹೋಗು, ಹೊರಗೆ ಇನ್ಸ್‌ಪೆಕ್ಟರ್ ಕಾಯ್ತಿದ್ದಾರೆ.”

ಹೊಡೆದವರೂ ನನ್ನ ಮುಖ ನೋಡಿದ್ದರು. ಕಣ್ಣಾರೆ ಕಂಡೆಯಾ ಎಂದು ಇನ್ಸ್‌ಪೆಕ್ಟರ್ ತಮಿಳಿನಲ್ಲಿ ಕೇಳಿದಾಗ, ಭಯಕ್ಕೆ ಕನ್ನಡದಲ್ಲೇ “ನೋಡಿದೆ” ಎಂದುಬಿಟ್ಟೆ. ಅವರಿಗೆ ತಿಳಿಯಲಿಲ್ಲ. ಜೇಬಿನಲ್ಲಿದ್ದ ಕನ್ನಡಕವನ್ನು ಬಿಗಿಯಾಗಿ ಹಿಡಿದು ಅದನ್ನೇ ತಮಿಳಿನಲ್ಲಿ ಮತ್ತೆ ಹೇಳಿದೆ:

“ಪಾತ್ತೇನ್, ಸಾರ್.”